ಆಳ ನೀರಿನಲ್ಲಿ ಸೈನ್‌ಹೆಚ್ ಓವರ್‌ಫ್ಲೋ, ದಡದ ಹತ್ತಿರ ಉತ್ತರ ನಿಲ್ಲುವುದೇ ಇಲ್ಲ: ಅಲೆಯುದ್ದದ ಪ್ರೋಗ್ರಾಂ ಬಗ್ಗೆ ಪ್ರಶ್ನೆ

ದಕ್ಕೆಬದಿ ಕೇಳಿದ್ದು:

ಮಲ್ಪೆ, ಪಣಂಬೂರು ಎದುರಿನ ಕಡಲಿಗೆ ಅಲೆಯುದ್ದ, ಅಲೆಯ ವೇಗ, ನೀರಿನೊಳಗಿನ ವೇಗ ಇವುಗಳ ಕೋಷ್ಟಕ ತಯಾರಿಸುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಅಲೆಯ ಅವಧಿ 2ರಿಂದ 16 ಸೆಕೆಂಡ್. ಆಳ ದಡದ ಹತ್ತಿರದ 1 ಮೀಟರಿನಿಂದ ಹೊರಗಡಲಿನ 1000 ಮೀಟರ್ ತನಕ. ಸೂತ್ರ ಸರಳ ಅಲೆ ಸಿದ್ಧಾಂತದ್ದೇ:

ಒಮೆಗಾ² = ಜಿ × ಕೆ × ಟ್ಯಾನ್‌ಹೆಚ್(ಕೆ × ಆಳ)

ಒಮೆಗಾ ಅಂದರೆ 2ಪೈ / ಅವಧಿ, ಕೆ ಅಂದರೆ 2ಪೈ / ಅಲೆಯುದ್ದ, ಜಿ (ಗುರುತ್ವ) = 9.81. ಟ್ಯಾನ್‌ಹೆಚ್, ಮುಂದೆ ಬರುವ ಸೈನ್‌ಹೆಚ್, ಕಾಸ್‌ಹೆಚ್ ಇವು ಹೈಪರ್ಬೋಲಿಕ್ ಫಂಕ್ಷನ್‌ಗಳು. ಬರೆಯಲು ಸುಲಭವಾಗಲಿ ಎಂದು ಕೆ × ಆಳ ಎಂಬುದನ್ನು ವೈ ಎಂದು ಕರೆಯುತ್ತೇನೆ. ಅಲೆಗುಂಪಿನ ವೇಗ ಬೇಕಾದರೆ ಅಲೆಯ ವೇಗವನ್ನು ಇದರಿಂದ ಗುಣಿಸಬೇಕು:

ಎನ್ = 0.5 × (1 + 2ವೈ / ಸೈನ್‌ಹೆಚ್(2ವೈ))

ನೀರಿನೊಳಗಿನ ವೇಗದಲ್ಲಿ ಬರುವ ಭಾಗ ಇದು (ಜೆಡ್ ಮೇಲ್ಮೈಯಲ್ಲಿ 0, ಕೆಳಗೆ ಹೋದಂತೆ ಋಣ):

ಕಾಸ್‌ಹೆಚ್(ಕೆ × (ಜೆಡ್ + ಆಳ)) / ಸೈನ್‌ಹೆಚ್(ವೈ)

ಪೈಥಾನ್‌ನ ಮ್ಯಾತ್ ಮಾಡ್ಯೂಲ್ ಬಳಸಿದಾಗ 2 ಸೆಕೆಂಡಿನ ಅಲೆಗೆ ಆಳ 350 ಮೀಟರ್ ಇರುವವರೆಗೆ ಎನ್ ಸರಿಯಾಗಿ ಬರುತ್ತದೆ, 400ಕ್ಕೆ ಹೋದ ಕೂಡಲೇ "ಓವರ್‌ಫ್ಲೋ ಎರರ್, ಮ್ಯಾತ್ ರೇಂಜ್ ಎರರ್" ಎಂದು ನಿಲ್ಲುತ್ತದೆ. ಅದೇ ಲೆಕ್ಕವನ್ನು ಸಿ ಭಾಷೆಯಲ್ಲಿ ಬರೆದರೆ ನಿಲ್ಲುವುದಿಲ್ಲ, ಎನ್ ಕೂಡ ಸಿಗುತ್ತದೆ. ಆದರೆ ವೇಗದ ಕೋಷ್ಟಕದಲ್ಲಿ 1000 ಮೀಟರ್ ಆಳಕ್ಕೆ ಮೇಲಿನ ಸುಮಾರು 290 ಮೀಟರ್ ಪೂರ್ತಿ "ನ್ಯಾನ್" (ಸಂಖ್ಯೆಯೇ ಅಲ್ಲ ಎಂಬ ಗುರುತು), ಅದರ ಕೆಳಗೆಲ್ಲ ಸೊನ್ನೆ. ಇದು ಹೇಗೆ?

ಇನ್ನೊಂದು ತೊಂದರೆ ದಡದ ಕಡೆಯದು. ಅಲೆಯುದ್ದ = ಆಳನೀರಿನ ಅಲೆಯುದ್ದ × ಟ್ಯಾನ್‌ಹೆಚ್(2ಪೈ × ಆಳ / ಅಲೆಯುದ್ದ) ಎಂದು ಮತ್ತೆ ಮತ್ತೆ ಹಾಕಿ ಉತ್ತರ ಹುಡುಕುತ್ತಿದ್ದೇನೆ (ಆಳನೀರಿನ ಅಲೆಯುದ್ದ ಅಂದರೆ ಜಿ × ಅವಧಿ² / 2ಪೈ). 8 ಸೆಕೆಂಡಿನ ಅಲೆ, 1 ಮೀಟರ್ ಆಳ: 100 ಸುತ್ತು ಆದರೂ ಉತ್ತರ ಒಮ್ಮೆ ಮೇಲೆ ಒಮ್ಮೆ ಕೆಳಗೆ ಜಿಗಿಯುತ್ತಲೇ ಇದೆ. ಟ್ಯಾನ್‌ಹೆಚ್ ಕೊಡುವ ಬೆಲೆಯಲ್ಲೇ ತಪ್ಪಿದೆಯೇ? ಒಳಗೆ ಹಾಕುವ ಸಂಖ್ಯೆಯನ್ನು ಡಿಗ್ರಿಯಿಂದ ರೇಡಿಯನ್‌ಗೆ ಬದಲಿಸಬೇಕೇ?

---

ಸುರತ್ಕಲ್_ದೀಪ:

ಕೊನೆಯದನ್ನು ಮೊದಲು ಮುಗಿಸುತ್ತೇನೆ. ಬದಲಿಸಬೇಡಿ. ಸೈನ್‌ಹೆಚ್, ಕಾಸ್‌ಹೆಚ್, ಟ್ಯಾನ್‌ಹೆಚ್ ಒಳಗೆ ಹೋಗುವುದು ಕೋನವಲ್ಲ. ನಿಮ್ಮ ಲೆಕ್ಕದಲ್ಲಿ ಅದು 2ಪೈ × ಆಳ / ಅಲೆಯುದ್ದ, ಎರಡು ಉದ್ದಗಳ ಅನುಪಾತ. ಅದಕ್ಕೆ ಡಿಗ್ರಿಯ ಸಂಬಂಧವೇ ಇಲ್ಲ. ವೈ = 0.8862 ಇದ್ದಾಗ ಟ್ಯಾನ್‌ಹೆಚ್ 0.7095. ಅದನ್ನು ಪೈ/180ರಿಂದ ಗುಣಿಸಿ ಹಾಕಿದರೆ 0.0155 ಬರುತ್ತದೆ, ಯಾವ ಎರರ್ ಸಂದೇಶವೂ ಇಲ್ಲದೆ. ಎದ್ದು ಕಾಣದ ತಪ್ಪು ಇದು. ಹೆಸರಿನಲ್ಲಿ ಸೈನ್, ಟ್ಯಾನ್ ಇರುವುದರಿಂದ ಅನೇಕರು ಇಲ್ಲಿ ಎಡವುತ್ತಾರೆ.

ಈಗ ಓವರ್‌ಫ್ಲೋ. 64 ಬಿಟ್‌ನ ಡಬಲ್ ಸಂಖ್ಯೆ ಹಿಡಿಯಬಲ್ಲ ಅತಿ ದೊಡ್ಡ ಬೆಲೆ ಸುಮಾರು 1.797 × 10³⁰⁸. ಇದನ್ನು ದಾಟಿದರೆ ಓವರ್‌ಫ್ಲೋ. ಎಕ್ಸ್‌ಪ್ (ಇ ಎಂಬ ಸ್ಥಿರಾಂಕದ ಘಾತ) ದಾಟುವುದು 709.78ರಲ್ಲಿ. ಸೈನ್‌ಹೆಚ್ ಮತ್ತು ಕಾಸ್‌ಹೆಚ್ ದೊಡ್ಡ ಸಂಖ್ಯೆಗಳಿಗೆ ಎಕ್ಸ್‌ಪ್‌ನ ಅರ್ಧದಷ್ಟೇ ಆಗುವುದರಿಂದ 2ರ ನ್ಯಾಚುರಲ್ ಲಾಗ್, ಅಂದರೆ 0.693, ಹೆಚ್ಚಿಗೆ ಸಿಗುತ್ತದೆ. ಅವುಗಳ ಗಡಿ 710.4758. ಹಾಗಾಗಿ ಲೈಬ್ರರಿಯ ಸೈನ್‌ಹೆಚ್(710) ಸರಿಯಾಗಿ 1.117 × 10³⁰⁸ ಕೊಡುತ್ತದೆ. (ಎಕ್ಸ್‌ಪ್(710) − ಎಕ್ಸ್‌ಪ್(−710)) / 2 ಎಂದು ಕೈಯಾರೆ ಬರೆದರೆ ಅದೇ ಜಾಗದಲ್ಲಿ ಬೀಳುತ್ತದೆ. ಲೈಬ್ರರಿ ಒಳಗೆ ಎಕ್ಸ್‌ಪ್(ಎಕ್ಸ್/2) ಅನ್ನು ಎರಡು ಸಲ ಗುಣಿಸಿ ಈ ಕೊನೆಯ ಚೂರನ್ನು ದಾಟಿಸುತ್ತಾರೆ.

2 ಸೆಕೆಂಡಿನ ಅಲೆಗೆ ಆಳ ನೀರಿನಲ್ಲಿ ಕೆ = ಒಮೆಗಾ²/ಜಿ = 9.8696/9.81 = 1.006. ಎನ್ ಸೂತ್ರದಲ್ಲಿ ಹೋಗುವುದು 2ವೈ. 710.4758 ಅನ್ನು 2 × 1.006ರಿಂದ ಭಾಗಿಸಿದರೆ 353 ಮೀಟರ್. 350 ಓಡಿ 400 ಬಿದ್ದದ್ದು ಇದಕ್ಕೇ.

ಪೈಥಾನ್ ಮತ್ತು ಸಿ ಬೇರೆ ಬೇರೆ ಕಾಣುವುದು ಗಡಿ ದಾಟಿದಾಗ ಏನು ಮಾಡಬೇಕೆಂಬ ನಿಯಮ ಬೇರೆ ಇರುವುದರಿಂದ. ಪೈಥಾನ್‌ನ ಮ್ಯಾತ್ ಮಾಡ್ಯೂಲ್ ಎಕ್ಸೆಪ್ಷನ್ ಎಸೆಯುತ್ತದೆ. ಸಿ "ಇನ್ಫ್" (ಅನಂತ) ಕೊಟ್ಟು ಮುಂದೆ ಹೋಗುತ್ತದೆ. ಎನ್‌ನಲ್ಲಿ 2ವೈ / ಇನ್ಫ್ = 0, ಎನ್ = 0.5, ಆಳ ನೀರಿಗೆ ಅದೇ ಸರಿಯುತ್ತರ. ಅಂದರೆ ಸಿ ಅಲ್ಲಿ ಬಚಾವಾದದ್ದು ಇನ್ಫ್ ಛೇದದಲ್ಲಿ ಮಾತ್ರ ಇದ್ದದ್ದರಿಂದ. ವೇಗದ ಸೂತ್ರದಲ್ಲಿ ಆ ಅದೃಷ್ಟ ಇಲ್ಲ. ಆಳ 1000 ಮೀಟರ್ ಇದ್ದರೆ ವೈ = 1006, ಛೇದ ಇನ್ಫ್. ಅಂಶದ ಕಾಸ್‌ಹೆಚ್ ಒಳಗಿನ ಸಂಖ್ಯೆ 710.4758 ದಾಟುವುದು ತಳದಿಂದ 706 ಮೀಟರ್ ಮೇಲೆ ಬಂದಾಗ. ಅಲ್ಲಿಂದ ಮೇಲ್ಮೈ ತನಕದ 294 ಮೀಟರ್ ಇನ್ಫ್ / ಇನ್ಫ್, ಅದೇ ನಿಮ್ಮ ನ್ಯಾನ್. ಕೆಳಗೆ ಸಾಮಾನ್ಯ ಸಂಖ್ಯೆ / ಇನ್ಫ್, ಅದಕ್ಕೆ ಸೊನ್ನೆ. ಬೇಸರದ ವಿಷಯ ಏನೆಂದರೆ 2 ಸೆಕೆಂಡಿನ ಅಲೆಯ ಚಲನೆ ಇರುವುದೇ ಮೇಲಿನ ಮೂರು ನಾಲ್ಕು ಮೀಟರಿನಲ್ಲಿ (ಅದರ ಉದ್ದವೇ 6.245 ಮೀಟರ್). ಬೇಕಾದ ಭಾಗವೇ ಹೋಯಿತು.

ಪರಿಹಾರ: ದೊಡ್ಡ ಸಂಖ್ಯೆಯನ್ನು ದೊಡ್ಡ ಸಂಖ್ಯೆಯಿಂದ ಭಾಗಿಸುವ ಮೊದಲು ಎರಡರಲ್ಲೂ ಇರುವ ಎಕ್ಸ್‌ಪ್ ಅನ್ನು ಕಾಗದದ ಮೇಲೆಯೇ ಹೊಡೆದುಹಾಕಿ.

ಕಾಸ್‌ಹೆಚ್(ಕೆ(ಜೆಡ್ + ಆಳ)) / ಸೈನ್‌ಹೆಚ್(ವೈ)
= ಎಕ್ಸ್‌ಪ್(ಕೆ × ಜೆಡ್) × (1 + ಎಕ್ಸ್‌ಪ್(−2ಕೆ(ಜೆಡ್ + ಆಳ))) / (−ಎಕ್ಸ್‌ಪ್‌ಎಮ್1(−2ವೈ))

ಎಕ್ಸ್‌ಪ್‌ಎಮ್1 ಅಂದರೆ ಎಕ್ಸ್‌ಪ್ − 1 ಅನ್ನು ನಿಖರವಾಗಿ ಕೊಡುವ ಲೈಬ್ರರಿ ಫಂಕ್ಷನ್. ಇಲ್ಲಿ ಯಾವ ಘಾತವೂ ಧನವಾಗುವುದಿಲ್ಲ. ಎಕ್ಸ್‌ಪ್(−2000) ಎರರ್ ಇಲ್ಲದೆ 0.0 ಆಗುತ್ತದೆ, ಪೈಥಾನ್‌ನಲ್ಲೂ. ಎನ್‌ಗೂ ಹೀಗೆಯೇ:

2ವೈ / ಸೈನ್‌ಹೆಚ್(2ವೈ) = 4ವೈ × ಎಕ್ಸ್‌ಪ್(−2ವೈ) / (−ಎಕ್ಸ್‌ಪ್‌ಎಮ್1(−4ವೈ))

ವೈ = 0 ಆದರೆ ಮಾತ್ರ 0/0; ಅದನ್ನು ಬೇರೆಯಾಗಿ 1 ಎಂದು ಬರೆಯಿರಿ. ಇಷ್ಟು ಬೇಡವೆಂದರೆ 2ವೈ 45 ದಾಟಿದಾಗ ನೇರ ಎನ್ = 0.5 ಎಂದು ಹಾಕಿ. ಅಲ್ಲಿ ಈ ಪದದ ಬೆಲೆ 3 × 10⁻¹⁸ಕ್ಕಿಂತ ಕಡಿಮೆ. 1ಕ್ಕೆ ಕೂಡಿಸಿದರೆ ಡಬಲ್‌ನಲ್ಲಿ ಅದರ ಗುರುತೂ ಉಳಿಯುವುದಿಲ್ಲ. ಟ್ರೈ–ಎಕ್ಸೆಪ್ಟ್ ಹಾಕಿ ಎರರ್ ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ: ಬೇರೆ ಕಾರಣದ ಓವರ್‌ಫ್ಲೋ ಕೂಡ ಅದರಡಿ ಮುಚ್ಚಿಹೋಗುತ್ತದೆ.

ಟ್ಯಾನ್‌ಹೆಚ್ ಬಗ್ಗೆ ಚಿಂತೆ ಬೇಡ, ಲೈಬ್ರರಿಯದನ್ನೇ ಕರೆಯಿರಿ. ಅದು ಎಷ್ಟು ದೊಡ್ಡ ಸಂಖ್ಯೆಗೂ ಬೀಳುವುದಿಲ್ಲ, ಸುಮಾರು 19.06ರಿಂದ ಆಚೆ ಡಬಲ್‌ನಲ್ಲಿ ಅದು ಸರಿಯಾಗಿ 1.0. ಸೈನ್‌ಹೆಚ್ / ಕಾಸ್‌ಹೆಚ್ ಎಂದು ನೀವೇ ಭಾಗಿಸಿದರೆ 710ರ ಆಚೆ ಕೆಡುತ್ತದೆ. (ಎಕ್ಸ್‌ಪ್(2ಎಕ್ಸ್) − 1) / (ಎಕ್ಸ್‌ಪ್(2ಎಕ್ಸ್) + 1) ಎಂದು ಬರೆದರೆ ಇನ್ನೂ ಬೇಗ, 355ರಲ್ಲೇ.

---

ಕುದ್ರು:

ದಡದ ಹತ್ತಿರದ ವಿಷಯ ನಾನು ಹೇಳ್ತೇನೆ. ನಿಮ್ಮ ಟ್ಯಾನ್‌ಹೆಚ್‌ನಲ್ಲಿ ಏನೂ ತಪ್ಪಿಲ್ಲ, ಸುತ್ತು ಹಾಕುವ ವಿಧಾನವೇ ಅಷ್ಟು ನಿಧಾನ. ಯಾಕೆ ಅಂತ ನೋಡುವ.

ನೀವು ಮಾಡುವುದು ಹೊಸ ವೈ = ಅ / ಟ್ಯಾನ್‌ಹೆಚ್(ಹಳೆ ವೈ), ಇಲ್ಲಿ ಅ = ಒಮೆಗಾ² × ಆಳ / ಜಿ. ಬಲಬದಿಯನ್ನು ಡಿಫರೆನ್ಶಿಯೇಟ್ ಮಾಡಿ ಉತ್ತರದ ಜಾಗದಲ್ಲಿ ಬೆಲೆ ಹಾಕಿದರೆ ಸಿಗುವುದು −2ವೈ / ಸೈನ್‌ಹೆಚ್(2ವೈ). ನಿಮ್ಮ ಎನ್ ಸೂತ್ರದಲ್ಲಿ ಇರುವ ಅದೇ ಪದ! ಪ್ರತಿ ಸುತ್ತಿಗೆ ತಪ್ಪು ಇಷ್ಟು ಪಟ್ಟು ಆಗ್ತದೆ, ಋಣ ಚಿಹ್ನೆ ಇರುವುದರಿಂದ ಒಮ್ಮೆ ಮೇಲೆ ಒಮ್ಮೆ ಕೆಳಗೆ. ಆಳ ನೀರಿನಲ್ಲಿ ಈ ಅನುಪಾತ ಸೊನ್ನೆ, ಹಾಗಾಗಿ ಒಂದೆರಡು ಸುತ್ತಿಗೆ ಮುಗೀತದೆ. 8 ಸೆಕೆಂಡ್, 10 ಮೀಟರಿಗೆ 0.62, ತಪ್ಪು ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳೀಲಿಕ್ಕೆ ಸುಮಾರು 29 ಸುತ್ತು. 1 ಮೀಟರಿಗೆ 0.958, ಅಂದರೆ 320ರ ಮೇಲೆ ಸುತ್ತು ಬೇಕು. ನೂರಕ್ಕೆ ನಿಲ್ಲಿಸಿದರೆ ಜಿಗಿತ ಕಾಣಲೇಬೇಕು. ಪುಸ್ತಕಗಳಲ್ಲಿ ಉದಾಹರಣೆಗೆ ಹೆಚ್ಚಾಗಿ ಮಧ್ಯಮ ಆಳವನ್ನೇ ತೆಗೆದುಕೊಳ್ತಾರೆ, ಹಾಗಾಗಿ ಈ ಗುಣ ಅಲ್ಲಿ ಎದ್ದು ಕಾಣುವುದಿಲ್ಲ.

ನ್ಯೂಟನ್ ವಿಧಾನ ಹಾಕಿ. ಎಫ್ = ವೈ × ಟ್ಯಾನ್‌ಹೆಚ್(ವೈ) − ಅ. ಟ್ಯಾನ್‌ಹೆಚ್ ಒಂದೇ ಸಲ ಕರೆದು ಟಿ ಅಂತ ಇಟ್ಟುಕೊಳ್ಳಿ:

ವೈ = ವೈ − (ವೈ × ಟಿ − ಅ) / (ಟಿ + ವೈ × (1 − ಟಿ × ಟಿ))

ಶುರುವಿನ ಬೆಲೆಗೆ ಎಕಾರ್ಟ್ 1952ರಲ್ಲಿ ಕೊಟ್ಟ ಅಂದಾಜು ಚೆನ್ನಾಗಿ ಉಂಟು: ವೈ = ಅ / ವರ್ಗಮೂಲ(ಟ್ಯಾನ್‌ಹೆಚ್(ಅ)). ಅದು ಯಾವ ಆಳದಲ್ಲೂ ಹೆಚ್ಚೆಂದರೆ ನೂರಕ್ಕೆ 5ರಷ್ಟು ತಪ್ಪು. 8 ಸೆಕೆಂಡ್, 10 ಮೀಟರಿಗೆ ಬರೆದು ತೋರಿಸ್ತೇನೆ, ನಿಮ್ಮ ಪ್ರೋಗ್ರಾಂನಲ್ಲಿ ತಾಳೆ ನೋಡಿ:

ಅ = 0.628797
ಶುರು: 0.8424
1ನೇ ಸುತ್ತು: 0.8866
2ನೇ ಸುತ್ತು: 0.88622

ಮೂರನೆಯದಕ್ಕೆ ಡಬಲ್‌ನ ಅಂಕೆಗಳು ಹೆಚ್ಚುಕಡಿಮೆ ಪೂರ್ತಿ ತುಂಬ್ತವೆ. ಅಲೆಯುದ್ದ 70.9 ಮೀಟರ್, ಅಲೆಯ ವೇಗ ಸೆಕೆಂಡಿಗೆ 8.86 ಮೀಟರ್, ಎನ್ = 0.810, ಗುಂಪಿನ ವೇಗ 7.18. ಇದೇ ಅಲೆ ಆಳ ನೀರಿನಲ್ಲಿ 99.9 ಮೀಟರ್ ಉದ್ದ ಇದ್ದದ್ದು.

1 − ಟಿ × ಟಿ ಬದಲು 1/ಕಾಸ್‌ಹೆಚ್² ಅಂತ ಬರೀಬೇಡಿ. ಅಲ್ಲಿ ಮತ್ತೆ ಓವರ್‌ಫ್ಲೋ ಬರ್ತದೆ, ವೈ 355 ದಾಟಿದರೆ ವರ್ಗ ಮಾಡುವಾಗಲೇ. 1 − ಟಿ² ಆದರೆ ವೈ 19 ದಾಟಿದ ಮೇಲೆ ಸೊನ್ನೆ ಆಗಿ ಛೇದ 1 ಆಗ್ತದೆ, ಅದೇ ಬೇಕಾದದ್ದು.

ನಿಲ್ಲಿಸುವ ಷರತ್ತನ್ನು ಬದಲಾವಣೆ / ವೈ < 10⁻¹² ಅಂತ ಅನುಪಾತದಲ್ಲಿ ಇಡಿ. "ಬದಲಾವಣೆ ಸೊನ್ನೆ ಆಗುವವರೆಗೆ" ಅಂತ ಇಟ್ಟರೆ ಕೊನೆಯ ಬಿಟ್‌ನಲ್ಲಿ ಎರಡು ಬೆಲೆಗಳ ನಡುವೆ ತೂಗಾಡಿ ಸುತ್ತು ಮುಗಿಯದೇ ಇರಬಹುದು.

---

ಬಂದರು_ರಸ್ತೆ:

ಸಿ ಬಳಸುತ್ತಿದ್ದೀರಿ ಅಂದದ್ದರಿಂದ ಒಂದು ಮಾತು. ಲಿನಕ್ಸ್‌ನಲ್ಲಿ "ಅನ್‌ಡಿಫೈನ್ಡ್ ರೆಫರೆನ್ಸ್ ಟು ಸೈನ್‌ಹೆಚ್" ಎಂದು ಬಂದರೆ ಗಣಿತ ಲೈಬ್ರರಿ ಲಿಂಕ್ ಆಗಿಲ್ಲ. ಜಿಸಿಸಿ (ಸಿ ಕಂಪೈಲರ್) ಸಾಲಿನ ಕೊನೆಯಲ್ಲಿ, ಕಡತದ ಹೆಸರಿನ ನಂತರ, -ಎಲ್‌ಎಮ್ ಸೇರಿಸಿ; ಮೊದಲೇ ಬರೆದರೆ ಕೆಲವು ವ್ಯವಸ್ಥೆಗಳಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಗೊಂದಲ ಹುಟ್ಟುವುದು ಇಲ್ಲಿ: ಸೈನ್‌ಹೆಚ್(1.0) ಎಂದು ಸ್ಥಿರ ಸಂಖ್ಯೆ ಹಾಕಿ ಪರೀಕ್ಷಿಸಿದರೆ ಕಂಪೈಲರೇ ಬೆಲೆ ಲೆಕ್ಕ ಹಾಕಿಬಿಡುತ್ತದೆ, -ಎಲ್‌ಎಮ್ ಇಲ್ಲದೆಯೂ ಓಡುತ್ತದೆ. ಚರಾಂಶ ಹಾಕಿದ ದಿನ ಎರರ್ ಬರುತ್ತದೆ.

ಯಾವ ಭಾಷೆಯಲ್ಲಿ ಏನಿದೆ ಎನ್ನುವುದೂ ಗೊತ್ತಿರಲಿ. ಸಿಯಲ್ಲಿ ಮೊದಲಿನಿಂದ ಇರುವುದು ಸೈನ್‌ಹೆಚ್, ಕಾಸ್‌ಹೆಚ್, ಟ್ಯಾನ್‌ಹೆಚ್ ಮೂರೇ. ವಿಲೋಮಗಳು (ಎಸೈನ್‌ಹೆಚ್, ಎಕಾಸ್‌ಹೆಚ್, ಎಟ್ಯಾನ್‌ಹೆಚ್), ಎಕ್ಸ್‌ಪ್‌ಎಮ್1, ಲಾಗ್1ಪಿ (ಅಂದರೆ ಲಾಗ್(1 + ಎಕ್ಸ್)) ಬಂದದ್ದು 1999ರ ಮಾನಕದಲ್ಲಿ. ಪೈಥಾನ್‌ನ ಮ್ಯಾತ್‌ನಲ್ಲಿ ಎಲ್ಲವೂ ಇವೆ. ಜಾವಾಸ್ಕ್ರಿಪ್ಟ್‌ಗೆ ಇವೆಲ್ಲ 2015ರ ಆವೃತ್ತಿಯಲ್ಲಿ ಒಟ್ಟಿಗೆ ಬಂದವು. ಜಾವಾದ ಮ್ಯಾತ್ ಕ್ಲಾಸಿನಲ್ಲಿ ಮೂರು ಮುಖ್ಯ ಫಂಕ್ಷನ್‌ಗಳು, ಎಕ್ಸ್‌ಪ್‌ಎಮ್1, ಲಾಗ್1ಪಿ 5ನೇ ಆವೃತ್ತಿಯಿಂದ ಇವೆ, ಆದರೆ ವಿಲೋಮಗಳನ್ನು ನೀವೇ ಬರೆದುಕೊಳ್ಳಬೇಕು ಅಥವಾ ಹೊರಗಿನ ಲೈಬ್ರರಿ ತರಬೇಕು. ಸೆಕ್‌ಹೆಚ್ (1/ಕಾಸ್‌ಹೆಚ್), ಕಾಟ್‌ಹೆಚ್ (1/ಟ್ಯಾನ್‌ಹೆಚ್) ಇವುಗಳನ್ನು ಈ ನಾಲ್ಕೂ ಭಾಷೆಗಳು ಕೊಡುವುದಿಲ್ಲ. ಎಕ್ಸೆಲ್‌ನಲ್ಲಿ 2013ರಿಂದ ಇವೆ. ಪೈಥಾನ್‌ನಲ್ಲಿ ಸೆಕ್‌ಹೆಚ್ ಅನ್ನು 1/ಕಾಸ್‌ಹೆಚ್ ಎಂದು ಬರೆದರೆ 711ಕ್ಕೆ ಎರರ್, ನಿಜವಾದ ಉತ್ತರ ಸೊನ್ನೆಗೆ ಹತ್ತಿರ ಇದ್ದರೂ.

---

ದಕ್ಕೆಬದಿ:

ಮೂವರಿಗೂ ಧನ್ಯವಾದ. ನ್ಯೂಟನ್ ಹಾಕಿದೆ, 1 ಮೀಟರ್ ಆಳಕ್ಕೂ ಮೂರು ನಾಲ್ಕು ಸುತ್ತಿನಲ್ಲಿ ನಿಲ್ಲುತ್ತಿದೆ. 70.9 ತಾಳೆಯಾಯಿತು. ವೇಗದ ಕೋಷ್ಟಕದಲ್ಲಿ ನ್ಯಾನ್ ಹೋಯಿತು.

ಎರಡು ಪ್ರಶ್ನೆ ಉಳಿದಿವೆ. ಒಂದು, ಸಣ್ಣ ಸಂಖ್ಯೆಗಳಿಗೆ ನಾನು ಎಕ್ಸ್‌ಪ್‌ನಿಂದ ಕೈಯಾರೆ ಬರೆದ ಸೈನ್‌ಹೆಚ್‌ಗೂ ಲೈಬ್ರರಿಯದ್ದಕ್ಕೂ ವ್ಯತ್ಯಾಸ ಕಾಣುತ್ತದೆ. 10⁻¹⁰ ಹಾಕಿದರೆ ನನ್ನದು 1.000000082740371 × 10⁻¹⁰, ಲೈಬ್ರರಿಯದು 1 × 10⁻¹⁰. ಗಣಿತದಲ್ಲಿ ಎರಡೂ ಒಂದೇ ಸೂತ್ರ ಅಲ್ಲವೇ? ಇದೇ ಪ್ರೋಗ್ರಾಂನಲ್ಲಿ ಎರಡು ಕಂಬಗಳ ನಡುವೆ ಇಳಿಬಿದ್ದ ತಂತಿಯ ಲೆಕ್ಕವೂ ಇದೆ (ಅಲೆ ಅಳೆಯುವ ಸಲಕರಣೆಯ ಕೇಬಲ್), ಅಲ್ಲಿ ಕಾಸ್‌ಹೆಚ್ − 1 ಬರುತ್ತದೆ.

ಎರಡು, ಡ್ರೋನ್ ಚಿತ್ರದಲ್ಲಿ ಅಲೆಯುದ್ದ ಅಳೆದು ಅದರಿಂದ ಆಳ ತೆಗೆಯಲು ಹೊರಟಿದ್ದೇನೆ: ಆಳ = ಎಟ್ಯಾನ್‌ಹೆಚ್(ಅಲೆಯುದ್ದ / ಆಳನೀರಿನ ಅಲೆಯುದ್ದ) / ಕೆ. ಕೆಲವು ಚಿತ್ರಗಳಿಗೆ "ಮ್ಯಾತ್ ಡೊಮೈನ್ ಎರರ್" ಬರುತ್ತಿದೆ.

---

ಪಡುಬಿದ್ರಿ_64:

ಮೊದಲ ಪ್ರಶ್ನೆಗೆ. ಸೂತ್ರ ಒಂದೇ, ಅಂಕೆಗಳು ಉಳಿಯುವ ರೀತಿ ಬೇರೆ. ಡಬಲ್‌ನಲ್ಲಿ 1ರ ಮೇಲಿನ ಮುಂದಿನ ಸಂಖ್ಯೆ 1 + 2.22 × 10⁻¹⁶. ಎಕ್ಸ್‌ಪ್(10⁻¹⁰) ಅಂದರೆ 1.0000000001 ಚಿಲ್ಲರೆ, ಆ 10⁻¹⁰ ಭಾಗವನ್ನು 2.22 × 10⁻¹⁶ರ ಮೆಟ್ಟಿಲುಗಳಲ್ಲಿ ಅಳೆಯಬೇಕು. 450359.96 ಮೆಟ್ಟಿಲು ಬೇಕಿತ್ತು, ಅದು 450360 ಆಯಿತು. ಎಕ್ಸ್‌ಪ್(−10⁻¹⁰)ರಲ್ಲೂ ಹಾಗೆಯೇ ಪೂರ್ಣಾಂಕಕ್ಕೆ ಜರುಗಿತು. ಎರಡನ್ನೂ ಕಳೆದಾಗ 1 ಹೋಯಿತು, ಜರುಗಿದ ತಪ್ಪು ಹಾಗೇ ಉಳಿಯಿತು. 450360 × 2.220446 × 10⁻¹⁶ ಲೆಕ್ಕ ಹಾಕಿ ನೋಡಿ, ನಿಮ್ಮ 1.00000008274 ಅಲ್ಲೇ ಇದೆ. 10⁻¹⁶ ಹಾಕಿದರೆ 5.55 × 10⁻¹⁷ ಬರುತ್ತದೆ, ಸರಿಯುತ್ತರದ ಸುಮಾರು ಅರ್ಧ. 10⁻¹⁷ ಹಾಕಿದರೆ ಸೊನ್ನೆ.

ಲೈಬ್ರರಿ ಈ ಕಳೆಯುವಿಕೆಯನ್ನೇ ತಪ್ಪಿಸುತ್ತದೆ. ಸನ್ ಮೈಕ್ರೋಸಿಸ್ಟಮ್ಸ್ 1993ರಲ್ಲಿ ಮುಕ್ತವಾಗಿ ಕೊಟ್ಟ ಎಫ್‌ಡಿಲಿಬ್ಎಮ್ ಎಂಬ ಗಣಿತ ಲೈಬ್ರರಿಯಲ್ಲಿ ಇದನ್ನು ಸ್ಪಷ್ಟವಾಗಿ ಓದಬಹುದು. ಟಿ = ಎಕ್ಸ್‌ಪ್‌ಎಮ್1(|ಎಕ್ಸ್|) ಎಂದು ತೆಗೆದುಕೊಂಡು, ಎಕ್ಸ್ 1ಕ್ಕಿಂತ ಸಣ್ಣದಿದ್ದರೆ 0.5 × (2ಟಿ − ಟಿ²/(ಟಿ + 1)), 1ರಿಂದ 22ರ ತನಕ 0.5 × (ಟಿ + ಟಿ/(ಟಿ + 1)), 22ರ ಆಚೆ ಬರೀ ಎಕ್ಸ್‌ಪ್‌ನ ಅರ್ಧ. 2⁻²⁸ಕ್ಕಿಂತ ಸಣ್ಣದಿದ್ದರೆ ಎಕ್ಸ್ ಅನ್ನೇ ಹಿಂದಿರುಗಿಸುತ್ತದೆ, ಏಕೆಂದರೆ ಮುಂದಿನ ಪದ ಎಕ್ಸ್³/6 ಡಬಲ್‌ನ ಕೊನೆಯ ಅಂಕೆಗೂ ತಾಗುವುದಿಲ್ಲ.

ಆದರೆ ನಿಮ್ಮ ಅಲೆಗಳಿಗೆ ಇದು ತೊಂದರೆ ಕೊಟ್ಟಿದೆಯೇ ಎಂದರೆ, ಇಲ್ಲ. 16 ಸೆಕೆಂಡಿನ ಅಲೆಗೆ 1 ಮೀಟರಿನಲ್ಲೂ ವೈ 0.1ಕ್ಕಿಂತ ಹೆಚ್ಚು, ಕೈಯಾರೆ ಬರೆದ ಸೂತ್ರದ ತಪ್ಪು 10⁻¹⁵ ಆಸುಪಾಸು. 12 ಗಂಟೆ ಚಿಲ್ಲರೆಯ ಭರತ–ಇಳಿತವನ್ನೇ ಅಲೆಯೆಂದು 10 ಮೀಟರ್ ಆಳಕ್ಕೆ ಹಾಕಿದರೂ ವೈ ಸುಮಾರು 1.4 × 10⁻⁴, ತಪ್ಪು 10⁻¹² ಆಸುಪಾಸು. ಲೈಬ್ರರಿಯದನ್ನೇ ಬಳಸಿ, ಆದರೆ ಹಳೆಯ ಕೋಷ್ಟಕ ಕೆಟ್ಟಿತೆಂದು ಮತ್ತೆ ಲೆಕ್ಕ ಹಾಕುವ ಅಗತ್ಯವಿಲ್ಲ.

ತಂತಿಯಲ್ಲಿ ಮಾತ್ರ ಎಚ್ಚರ ಬೇಕು. ಇಳಿತ = ಸಿ × (ಕಾಸ್‌ಹೆಚ್(ಅಂತರ/2ಸಿ) − 1) ಎಂಬುದರಲ್ಲಿ (ಇಲ್ಲಿ ಸಿ ಅಂದರೆ ತಂತಿಯ ಅಡ್ಡ ಎಳೆತ / ಮೀಟರಿಗೆ ಅದರ ಭಾರ) ಲೈಬ್ರರಿಯ ಕಾಸ್‌ಹೆಚ್ ಎಷ್ಟೇ ನಿಖರವಾಗಿದ್ದರೂ ಆಮೇಲೆ 1 ಕಳೆಯುವವರು ನೀವು. ಕಾಸ್‌ಹೆಚ್(10⁻⁸) ಡಬಲ್‌ನಲ್ಲಿ ಸರಿಯಾಗಿ 1, ಕಳೆದರೆ ಸೊನ್ನೆ. ನಿಜವಾದ ಬೆಲೆ 5 × 10⁻¹⁷. ಹಾಗಾಗಿ

ಕಾಸ್‌ಹೆಚ್(ಎಕ್ಸ್) − 1 = 2 × ಸೈನ್‌ಹೆಚ್(ಎಕ್ಸ್/2)²

ಎಂದು ಬರೆಯಿರಿ, ಕಳೆಯುವಿಕೆಯೇ ಇಲ್ಲ. ಅಂತರ 40 ಮೀಟರ್, ಸಿ = 400 ಮೀಟರ್ ಎಂದಿಟ್ಟುಕೊಂಡರೆ ಎಕ್ಸ್ = 0.05, ಇಳಿತ 0.5001 ಮೀಟರ್. ತಂತಿಯ ಉದ್ದ 2ಸಿ × ಸೈನ್‌ಹೆಚ್(0.05) = 40.0167 ಮೀಟರ್. ಅರ್ಧ ಮೀಟರ್ ಇಳಿಬಿದ್ದ ತಂತಿ ನೇರ ತಂತಿಗಿಂತ ಉದ್ದ ಇರುವುದು 1.67 ಸೆಂಟಿಮೀಟರ್ ಮಾತ್ರ! ಅಳತೆಯಿಂದ ಉಲ್ಟಾ ಲೆಕ್ಕ ಹಾಕುವಾಗ ಇದನ್ನು ನೆನಪಿಡಿ: ತಂತಿಯ ಉದ್ದ ಅಳೆದು ಇಳಿತ ಕಂಡುಹಿಡಿಯಲು ಹೋಗಬೇಡಿ, ಇಳಿತ ಅಳೆದು ಉದ್ದ ಕಂಡುಹಿಡಿಯಿರಿ.

ಇಳಿತದಿಂದ ಅಂತರಕ್ಕೆ ಹೋಗುವಾಗ ಎಕಾಸ್‌ಹೆಚ್(1 + ಇಳಿತ/ಸಿ) ಬರುತ್ತದೆ. ಒಳಗಿನ ಸಂಖ್ಯೆಯನ್ನು ಬೇರೆ ಲೆಕ್ಕಗಳಿಂದ ತಂದರೆ 0.9999999999999999 ಆಗಿ ಡೊಮೈನ್ ಎರರ್ ಬರಬಹುದು, 1ಕ್ಕಿಂತ ಕೆಳಗೆ ಅದಕ್ಕೆ ಬೆಲೆಯೇ ಇಲ್ಲ. ಅದರ ಬದಲು 2 × ಎಸೈನ್‌ಹೆಚ್(ವರ್ಗಮೂಲ(ಇಳಿತ/2ಸಿ)). ಇಳಿತ 0.5, ಸಿ 400 ಹಾಕಿದರೆ 0.049995, ಅದನ್ನು ಸಿಯಿಂದ ಗುಣಿಸಿದರೆ ಅರ್ಧ ಅಂತರ 19.998 ಮೀಟರ್.

ಎಸೈನ್‌ಹೆಚ್ ಅನ್ನು ಜಾವಾದಲ್ಲಿ ನೀವೇ ಬರೆಯಬೇಕಾದರೆ ಪಠ್ಯಪುಸ್ತಕದ ಲಾಗ್(ಎಕ್ಸ್ + ವರ್ಗಮೂಲ(ಎಕ್ಸ್² + 1)) ಹಾಗೇ ಹಾಕಬೇಡಿ. ಎಕ್ಸ್ = −10⁸ ಆದಾಗ 10¹⁶ + 1 ಡಬಲ್‌ನಲ್ಲಿ 10¹⁶ ಆಗಿ, ಮೂಲ 10⁸ ಆಗಿ, ಕೂಡಿಸಿದರೆ 0; ಲಾಗ್(0). ಸರಿಯುತ್ತರ −19.1138. ಚಿಹ್ನೆಯನ್ನು ಬದಿಗಿಟ್ಟು |ಎಕ್ಸ್|ಗೆ ಲಾಗ್1ಪಿ(ಎಕ್ಸ್ + ಎಕ್ಸ್²/(1 + ವರ್ಗಮೂಲ(1 + ಎಕ್ಸ್²))) ಲೆಕ್ಕ ಹಾಕಿ ಕೊನೆಗೆ ಚಿಹ್ನೆ ಕೊಡಿ. ಎಕ್ಸ್ 10⁸ ದಾಟಿದರೆ ಲಾಗ್(ಎಕ್ಸ್) + 0.693147180559945 ಸಾಕು, ಅದರಿಂದ ಎಕ್ಸ್² ಓವರ್‌ಫ್ಲೋ ಆಗುವುದೂ ತಪ್ಪುತ್ತದೆ.

ತೂಗುಸೇತುವೆಯ ಮುಖ್ಯ ಕೇಬಲ್‌ಗೆ ಈ ಕಾಸ್‌ಹೆಚ್ ಸೂತ್ರ ಹಾಕುವವರನ್ನೂ ನೋಡಿದ್ದೇನೆ. ಉಡುಪಿ ಹತ್ತಿರದ ಕೆಮ್ಮಣ್ಣು ಊರಿನ ತೂಗುಸೇತುವೆಯಂಥದ್ದರಲ್ಲಿ ಭಾರ ಹೆಚ್ಚಾಗಿ ನಡೆಯುವ ಹಲಗೆಯದು, ಅದು ಅಡ್ಡಳತೆಗೆ ಸಮನಾಗಿ ಹಂಚಿದೆ. ಅಲ್ಲಿ ಕೇಬಲ್‌ನ ಆಕಾರ ಪ್ಯಾರಾಬೋಲಾಕ್ಕೆ ಹತ್ತಿರ. ಸ್ವಂತ ಭಾರಕ್ಕೆ ಮಾತ್ರ ಇಳಿಬಿದ್ದ ತಂತಿ, ಸರಪಳಿ, ಲಂಗರಿನ ಹಗ್ಗ ಇವಕ್ಕೆ ಕಾಸ್‌ಹೆಚ್.

---

ಸುರತ್ಕಲ್_ದೀಪ:

ಎಟ್ಯಾನ್‌ಹೆಚ್ −1ಕ್ಕೂ 1ಕ್ಕೂ ನಡುವೆ ಮಾತ್ರ ಇದೆ. ಸರಿಯಾಗಿ 1 ಕೊಟ್ಟರೆ ಸಿ ಇನ್ಫ್ ಕೊಡುತ್ತದೆ, ಪೈಥಾನ್ ಡೊಮೈನ್ ಎರರ್ ಎಸೆಯುತ್ತದೆ. ನಿಮ್ಮ ಚಿತ್ರದಲ್ಲಿ ಅಳೆದ ಅಲೆಯುದ್ದ ಆಳನೀರಿನ ಅಲೆಯುದ್ದಕ್ಕಿಂತ ಹೆಚ್ಚು ಬಂದಿದೆ, ಅಂದರೆ ಅಲೆಯುದ್ದವನ್ನೋ ಅವಧಿಯನ್ನೋ ಅಳೆಯುವಾಗ ತಪ್ಪಾಗಿದೆ; ಅಥವಾ ಹೊಳೆಬಾಯಿಯ ಹತ್ತಿರದ ಚಿತ್ರವಾದರೆ ಹರಿವು ಅಲೆಯನ್ನು ಎಳೆದಿದೆ. ಸ್ವರ್ಣಾ, ನೇತ್ರಾವತಿ ಅಳಿವೆಗಳ ಎದುರು ಹರಿವಿಲ್ಲದ ಈ ಸೂತ್ರ ಹಾಗೇ ನಿಲ್ಲುವುದಿಲ್ಲ.

ಎರರ್ ಬರದ ಚಿತ್ರಗಳ ಬಗ್ಗೆ ನನಗೆ ಹೆಚ್ಚು ಕಾಳಜಿ. 8 ಸೆಕೆಂಡಿನ ಅಲೆಗೆ ಆಳನೀರಿನ ಉದ್ದ 99.92 ಮೀಟರ್. ಅಳತೆ 70.9 ಬಂದರೆ ಆಳ 10 ಮೀಟರ್. 72 ಎಂದು ಓದಿದರೆ 10.4. ಪರವಾಗಿಲ್ಲ. ಈಗ 95 ಮೀಟರ್ ಎಂದಿಟ್ಟುಕೊಳ್ಳಿ: ಆಳ 27.8 ಮೀಟರ್. 97 ಎಂದರೆ 32.5 ಮೀಟರ್. ಅಳತೆಯಲ್ಲಿ 2 ಮೀಟರ್ ಹೆಚ್ಚುಕಡಿಮೆಯಾದರೆ ಆಳದಲ್ಲಿ ಸುಮಾರು 5 ಮೀಟರ್. ಲೈಬ್ರರಿಯ ಎಟ್ಯಾನ್‌ಹೆಚ್ ಎರಡು ಬೆಲೆಗಳನ್ನೂ ಹದಿನೈದು ಅಂಕೆ ಸರಿಯಾಗಿ ಕೊಡುತ್ತದೆ, ಆದರೆ ಅಲೆಗೆ ತಳ ಮುಟ್ಟುವುದೇ ಕಡಿಮೆಯಾದ ಮೇಲೆ ಅದರ ಉದ್ದದಲ್ಲಿ ಆಳದ ಸುದ್ದಿ ಉಳಿದಿರುವುದಿಲ್ಲ. ಅನುಪಾತ 0.95 ದಾಟಿದರೆ ಕೋಷ್ಟಕದಲ್ಲಿ ಆಳದ ಜಾಗ ಖಾಲಿ ಬಿಡಿ. 0.9999ಕ್ಕೆ ಕತ್ತರಿಸಿ ಎರರ್ ತಪ್ಪಿಸುವ ಅಭ್ಯಾಸ ಬೇಡ. ಅದು ಎಲ್ಲ ಕೆಟ್ಟ ಅಳತೆಗಳಿಗೂ ಒಂದು ಸುಳ್ಳು ಆಳ ಕೊಡುತ್ತದೆ.

---

ದಕ್ಕೆಬದಿ:

ಸರಿ, 0.95ರ ಮೇಲಿನವನ್ನು ತೆಗೆದೆ. ಕೊನೆಯ ಒಂದು: ಇಡೀ ಪ್ರದೇಶದ ಆಳದ ಕಡತವನ್ನು ನಂಪೈಯಲ್ಲಿ (ಪೈಥಾನ್‌ನ ಅರೇ ಲೈಬ್ರರಿ) ಓದಿ ಒಟ್ಟಿಗೆ ಲೆಕ್ಕ ಹಾಕಿದಾಗ, ಹಳೆಯ ಎನ್ ಸೂತ್ರಕ್ಕೆ 2 ಸೆಕೆಂಡಿನಲ್ಲಿ 45 ಮೀಟರ್ ಆಳದಿಂದಲೇ ಓವರ್‌ಫ್ಲೋ ಎಚ್ಚರಿಕೆ ಬರುತ್ತಿದೆ. 353 ಅಲ್ಲವೇ ಗಡಿ?

---

ಕುದ್ರು:

ಆ ಕಡತ 32 ಬಿಟ್‌ನದ್ದು. ಆಳದ ದತ್ತಾಂಶ ಜಾಗ ಉಳಿಸ್ಲಿಕ್ಕೆ ಹಾಗೆ ಇಡುವುದು ಸಾಮಾನ್ಯ, ನಂಪೈ ಅದೇ ಅಳತೆಯಲ್ಲಿ ಸೈನ್‌ಹೆಚ್ ಲೆಕ್ಕ ಹಾಕ್ತದೆ. 32 ಬಿಟ್‌ನ ಗರಿಷ್ಠ 3.4 × 10³⁸, ಸೈನ್‌ಹೆಚ್ ಗಡಿ 89.4. ಅದನ್ನು 2 × 1.006ರಿಂದ ಭಾಗಿಸಿದರೆ 44.4 ಮೀಟರ್. ಅರೇಯ ಡಿಟೈಪ್ (ಸಂಖ್ಯೆಯ ಬಗೆ) ಮುದ್ರಿಸಿ ನೋಡಿ, ಓದಿದ ಕೂಡಲೇ ಫ್ಲೋಟ್64ಕ್ಕೆ ಬದಲಿಸಿ. ಮೇಲೆ ಕೊಟ್ಟ ಋಣ ಘಾತದ ಸೂತ್ರವನ್ನೂ ಹಾಕಿ.

ನಂಪೈ ಎಚ್ಚರಿಕೆಗಳನ್ನು ಸುಮ್ಮನಾಗಿಸುವುದಾದರೆ "ಓವರ್" ಒಂದನ್ನು ಮಾತ್ರ, ಅದೂ ಆ ಒಂದು ಸಾಲಿಗೆ ಮಾತ್ರ. "ಇನ್‌ವ್ಯಾಲಿಡ್" ಎನ್ನುವ ಎಚ್ಚರಿಕೆ ಬಂದಲ್ಲಿ ಎಲ್ಲೋ ನ್ಯಾನ್ ಹುಟ್ಟಿದೆ ಅಂತ ಅರ್ಥ, ಅದನ್ನು ಮುಚ್ಚಬೇಡಿ. ಬದಲಿಸಿದ ಮೇಲೆ 8 ಸೆಕೆಂಡ್, 10 ಮೀಟರಿನ ಜಾಗದಲ್ಲಿ ಎನ್ 0.810, 2 ಸೆಕೆಂಡ್, 500 ಮೀಟರಿನಲ್ಲಿ 0.5 ಬರ್ತದಾ ನೋಡಿ ಹೇಳಿ.

---

ದಕ್ಕೆಬದಿ:

ಫ್ಲೋಟ್32 ಆಗಿತ್ತು. ಬದಲಿಸಿದೆ. 0.810, 0.5 ಎರಡೂ ಬಂದವು.